ಬರ್ಗ್‌ಮನ್ ಸಿನಿಮಾ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಹೆಸರು ಕೇಳಿ ಕೇಳಿ ಕೊನೆಗೊಂದು ದಿನ 'ದಿ ಸೆವೆಂತ್ ಸೀಲ್' ಹಾಕಿಕೊಂಡು ಕೂತೆ. ಅರ್ಧ ಗಂಟೆಗೇ ತೂಕಡಿಕೆ. ಆಮೇಲೆ ಗೆಳೆಯನೊಬ್ಬ ಹೇಳಿದ ಅಂತ 'ಪರ್ಸೋನಾ' ನೋಡಿದೆ, ತಲೆಬುಡ ಗೊತ್ತಾಗಲಿಲ್ಲ. ತಪ್ಪು ನನ್ನದೇನಾ? ಇನ್ನೊಂದು ಸಲ ಪ್ರಯತ್ನ ಮಾಡುವುದಾದರೆ ಯಾವುದು ನೋಡಲಿ?

ಉತ್ತರ: ತಪ್ಪು ನಿಮ್ಮ ಗೆಳೆಯನದು. 'ಪರ್ಸೋನಾ' (1966) ಶುರುವಾಗುವುದೇ ಪ್ರೊಜೆಕ್ಟರ್ ದೀಪ ಹೊತ್ತಿಕೊಳ್ಳುವುದರಿಂದ, ನಡುವೆ ಒಂದು ಕಡೆ ರೀಲೇ ಹರಿದು ಸುಟ್ಟುಹೋದ ಹಾಗೆ ಕಾಣುತ್ತದೆ. ಅದು ಒಂದೇ ಸಲಕ್ಕೆ ಅರ್ಥವಾಯಿತು ಅನ್ನುವವರನ್ನು ನಾನಂತೂ ನಂಬುವುದಿಲ್ಲ. 'ಸೆವೆಂತ್ ಸೀಲ್' (1957) ಕಥೆ ಬೇರೆ. ಯೋಧನೊಬ್ಬ ಮನುಷ್ಯ ರೂಪದಲ್ಲಿ ಬಂದ ಸಾವಿನ ಜೊತೆ ಚೆಸ್ ಆಡುವ ಆ ದೃಶ್ಯ ಎಷ್ಟು ಹೆಸರು ಮಾಡಿದೆ ಅಂದರೆ, ಎಲ್ಲರೂ ಕೈಮುಗಿದುಕೊಂಡು ನೋಡಲು ಕೂರುತ್ತಾರೆ. ಹಾಗೆ ಕೂತರೆ ನಿದ್ದೆ ಬರದೆ ಇನ್ನೇನು?

ದೇವರು, ಸಾವು, ಮೌನ ಎಲ್ಲ ಆಮೇಲೆ ಇರಲಿ. ಬರ್ಗ್‌ಮನ್ ನನಗೆ ಹಿಡಿಸುವುದು ಮನೆಯೊಳಗಿನ ಜಗಳಕ್ಕೆ, ಆ ಜಗಳದಲ್ಲಿ ಮುಖ ಬದಲಾಗುವುದನ್ನು ಕ್ಯಾಮೆರಾ ಬಿಡದೆ ನೋಡುವುದಕ್ಕೆ. ಅದಕ್ಕೇ 'ಆಟಮ್ ಸೊನಾಟಾ'ದಿಂದ (1978) ಶುರು ಮಾಡಿ ಅನ್ನುತ್ತೇನೆ. ಎರಡು ಗಂಟೆಯೂ ಇಲ್ಲ. ಹೆಸರಾಂತ ಪಿಯಾನೋ ಕಲಾವಿದೆ ತಾಯಿ, ಏಳು ವರ್ಷದ ಮೇಲೆ ಮಗಳ ಮನೆಗೆ ಬರುತ್ತಾಳೆ. ಒಂದು ರಾತ್ರಿ ಇಬ್ಬರೂ ಕೂತು ಹಳೆಯದೆಲ್ಲ ಕೆದಕುತ್ತಾರೆ. ಕಥೆ ಇಷ್ಟೇ. ತಾಯಿಯಾಗಿ ಇಂಗ್ರಿಡ್ ಬರ್ಗ್‌ಮನ್ (ಹೆಸರು ಒಂದೇ, ನೆಂಟಸ್ತಿಕೆ ಇಲ್ಲ), ಮಗಳಾಗಿ ಲಿವ್ ಉಲ್ಮನ್.

ಇದರಲ್ಲಿ ಒಂದು ದೃಶ್ಯವಿದೆ. ಮಗಳು ಪಿಯಾನೋದಲ್ಲಿ ಸಂಗೀತಗಾರ ಶೋಪನ್‌ನ ಒಂದು ಪುಟ್ಟ ರಚನೆ ನುಡಿಸುತ್ತಾಳೆ. ಸ್ವಲ್ಪ ತಡವರಿಸುತ್ತಲೇ. ತಾಯಿಯ ಮುಖದಲ್ಲಿ ಮಮತೆ, ಕನಿಕರ, ಕಿರಿಕಿರಿ ಒಂದರ ಮೇಲೊಂದು ಬಂದು ಹೋಗುತ್ತವೆ. ಹೇಗಿತ್ತು ಅಂತ ಕೇಳಿದರೆ ಜಾರಿಕೊಳ್ಳುತ್ತಾಳೆ, ಮಗಳು ಬಿಡುವುದಿಲ್ಲ, ಕೊನೆಗೆ ತಾಯಿಯೇ ಪಕ್ಕದಲ್ಲಿ ಕೂತು ಅದನ್ನು ಹೇಗೆ ನುಡಿಸಬೇಕು ಅಂತ ವಿವರಿಸಿ, ನುಡಿಸಿಯೂ ತೋರಿಸುತ್ತಾಳೆ. ಆಗ ಇಬ್ಬರ ಮುಖವೂ ಒಂದೇ ಫ್ರೇಮಿನಲ್ಲಿ. ಮಗಳು ನೋಡುತ್ತಿರುವುದು ಪಿಯಾನೋ ಅಲ್ಲ, ಅಮ್ಮನ ಮುಖ. ಯಾರೂ ಬೈದಿಲ್ಲ, ದನಿ ಎತ್ತಿಲ್ಲ, ಆದರೂ ಆ ಮಗಳ ಇಡೀ ಬಾಲ್ಯ ಹೇಗಿತ್ತು ಅಂತ ನಮಗೆ ಗೊತ್ತಾಗಿಬಿಡುತ್ತದೆ. ನಾನು ಮೊದಲ ಸಲ ನೋಡಿದಾಗ ಇಲ್ಲೇ ನಿಲ್ಲಿಸಿ, ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಸಬ್‌ಟೈಟಲ್ ಹಾಕಿಕೊಂಡು ಸ್ವೀಡಿಷ್‌ನಲ್ಲೇ ನೋಡಿ. ಆ ತಾಯಿಯ ಸಕ್ಕರೆಯಂಥ ದನಿ ಡಬ್ಬಿಂಗ್‌ನಲ್ಲಿ ಸಿಗುವುದಿಲ್ಲ.

ಇದು ಹಿಡಿಸಿದರೆ 'ವೈಲ್ಡ್ ಸ್ಟ್ರಾಬೆರೀಸ್' (1957). ಗೌರವ ಪದವಿ ತೆಗೆದುಕೊಳ್ಳಲು ಸೊಸೆಯ ಜೊತೆ ಕಾರಿನಲ್ಲಿ ಲುಂಡ್ ಅನ್ನುವ ಊರಿಗೆ ಹೊರಟ ಮುದುಕ ಪ್ರೊಫೆಸರ್, ದಾರಿಯುದ್ದಕ್ಕೂ ನೆನಪು, ಕನಸು. ಮುಳ್ಳೇ ಇಲ್ಲದ ಗಡಿಯಾರದ ಕನಸು ಇದರಲ್ಲೇ ಬರುವುದು. ಮುದುಕನಾಗಿ ನಟಿಸಿರುವ ವಿಕ್ಟರ್ ಶೋಸ್ಟ್ರೋಮ್ ಮೂಕಿ ಕಾಲದ ದೊಡ್ಡ ನಿರ್ದೇಶಕ. ಇಷ್ಟಾದ ಮೇಲೆ 'ಸೆವೆಂತ್ ಸೀಲ್'ಗೆ ವಾಪಸ್ ಹೋಗಿ. ನಟನೊಬ್ಬ ಮರ ಹತ್ತಿ ಕೂತಿರುವಾಗ ಕೆಳಗೆ ಸಾವು ಗರಗಸ ಹಿಡಿದು ಮರ ಕೊಯ್ಯುತ್ತಿರುತ್ತದೆ. ಈ ಸಲ ನಗು ಬರುತ್ತದೆ ನೋಡಿ. 'ಪರ್ಸೋನಾ'ಗೆ ಅವಸರ ಬೇಡ.

ಪ್ರಶ್ನೆ: ಬರ್ಗ್‌ಮನ್ ಮಾಡಿದ 'ಫ್ಯಾನಿ ಅಂಡ್ ಅಲೆಕ್ಸಾಂಡರ್' ಎರಡು ಅಳತೆಯಲ್ಲಿ ಇದೆಯಂತೆ. ಯಾವುದು ನೋಡುವುದು?

ಉತ್ತರ: ಥಿಯೇಟರಿಗೆ ಬಂದದ್ದು 188 ನಿಮಿಷದ್ದು, 1982ರಲ್ಲಿ. ಟಿವಿಗೆ ಮಾಡಿದ್ದು ಐದು ಗಂಟೆಗೂ ಜಾಸ್ತಿ, ಕಂತುಗಳಲ್ಲಿ. ಉದ್ದದ್ದೇ ನೋಡಿ, ದಿನಕ್ಕೊಂದು ಕಂತಿನ ಹಾಗೆ. ಮೊದಲ ಕಂತಿನ ಕ್ರಿಸ್‌ಮಸ್ ರಾತ್ರಿಯಲ್ಲಿ ನಾವೂ ಆ ಮನೆಯವರೇ ಆಗಿಬಿಡುತ್ತೇವೆ. ಅಲ್ಲೊಬ್ಬ ಚಿಕ್ಕಪ್ಪ ಮಕ್ಕಳನ್ನು ನಗಿಸಲು ಹೂಸು ಬಿಟ್ಟು ಮೇಣದಬತ್ತಿ ಆರಿಸುತ್ತಾನೆ. 'ಪರ್ಸೋನಾ' ನೋಡು ಅಂದ ಆ ಗೆಳೆಯನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.