ಓದುಗರ ಪ್ರಶ್ನೆಗೆ ಉತ್ತರ: ಅರ್ಮೇನಿಯದ ರಾಫಿ

ಪ್ರಶ್ನೆ: ಅರ್ಮೇನಿಯನ್ ಭಾಷೆಯ ಐತಿಹಾಸಿಕ ಕಾದಂಬರಿಕಾರ ರಾಫಿ ಯಾರು? ಅವರ ಯಾವ ಕೃತಿಯನ್ನು ಮೊದಲು ಓದಬೇಕು?

ಉತ್ತರ: ರಾಫಿ ಎಂಬುದು ಹಾಕೋಬ್ ಮೆಲಿಕ್ ಹಾಕೋಬಿಯನ್ ಅವರ ಕಾವ್ಯನಾಮ. ಅವರು 1835ರಲ್ಲಿ ಪರ್ಷಿಯಾದ ಸಲ್ಮಾಸ್ ಪ್ರಾಂತದ ಪಯಾಜುಕ್ ಗ್ರಾಮದಲ್ಲಿ, ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಟಿಫ್ಲಿಸ್‌ನಲ್ಲಿ, ಅಂದರೆ ಇಂದಿನ ಟ್ಬಿಲಿಸಿಯಲ್ಲಿ, ಓದುತ್ತಿದ್ದಾಗ ತಂದೆಯ ವ್ಯಾಪಾರ ಕುಸಿದುದರಿಂದ ಶಿಕ್ಷಣವನ್ನು ಅರ್ಧಕ್ಕೇ ಬಿಡಬೇಕಾಯಿತು. ಮುಂದೆ ಕೆಲಕಾಲ ತಬ್ರೀಜ್ ಮತ್ತು ಅಗುಲಿಸ್‌ಗಳಲ್ಲಿ ಅಧ್ಯಾಪಕರಾಗಿದ್ದರು. ಗ್ರಿಗೊರ್ ಅರ್ತ್ಸ್ರುನಿಯವರ ‘ಮ್ಶಾಕ್’ ಪತ್ರಿಕೆಯೇ ಅವರನ್ನು ಜನರ ಬಳಿಗೆ ತಲುಪಿಸಿತು.

1880ರ ‘ಖೆಂತೆ’ (ಹುಚ್ಚ) ಕಾದಂಬರಿಯ ಹಿನ್ನೆಲೆ 1877–78ರ ರಷ್ಯಾ–ತುರ್ಕಿ ಯುದ್ಧ. ಮುತ್ತಿಗೆಗೆ ಸಿಲುಕಿದ ಬಯಾಜಿದ್ ಕೋಟೆಯಿಂದ ನಾಯಕ ವರ್ದಾನ್ ಹುಚ್ಚನಂತೆ ನಟಿಸುತ್ತ ಪತ್ರವನ್ನು ಹೊರಗೊಯ್ಯುತ್ತಾನೆ. ‘ದಾವಿತ್ ಬೆಕ್’ 18ನೆಯ ಶತಮಾನದ ಹೋರಾಟಗಾರನ ಕಥೆ.

ಆದರೆ ನಮ್ಮ ಆಯ್ಕೆ 1886ರ ‘ಸಮ್ವೆಲ್’. ನಾಲ್ಕನೆಯ ಶತಮಾನದಲ್ಲಿ ಪರ್ಷಿಯಾದ ದೊರೆ ಶಾಪುರನ ಪಕ್ಷ ಸೇರಿ ಕ್ರೈಸ್ತಧರ್ಮವನ್ನು ತೊರೆದ ತಂದೆ ವಹಾನ್ ಮಾಮಿಕೊನಿಯನ್‌ನನ್ನೂ, ಬಳಿಕ ತಾಯಿಯನ್ನೂ, ಮಗ ಸಮ್ವೆಲ್ ಕೊಲ್ಲುವ ಪ್ರಸಂಗವು ಪ್ರಾಚೀನ ಚರಿತ್ರೆಕಾರ ಫಾವ್‌ಸ್ತೋಸ್‌ನಲ್ಲಿ ಸಂಕ್ಷಿಪ್ತವಾಗಿದೆ. ಆ ಎಳೆಯನ್ನೇ ಹಿಡಿದು ರಾಫಿ ರಕ್ತಸಂಬಂಧ ಮತ್ತು ನಾಡಿನ ಋಣಗಳ ನಡುವಿನ ಘರ್ಷಣೆಯನ್ನು ಬೃಹತ್ತಾಗಿ ಬೆಳೆಸಿದರು. ಅವರ ವರ್ಣನೆಗಳು ಕೆಲವೆಡೆ ದೀರ್ಘವೆನ್ನಿಸುತ್ತವೆ, ಪಾತ್ರಗಳು ಭಾಷಣ ಮಾಡುವುದೂ ಉಂಟು. ಆದರೂ ತನ್ನದೇ ರಾಜ್ಯವಿಲ್ಲದೆ ರಷ್ಯಾ, ತುರ್ಕಿ, ಪರ್ಷಿಯಾಗಳಲ್ಲಿ ಹಂಚಿಹೋಗಿದ್ದ ಓದುಗರಿಗಾಗಿ ಬರೆದವರಲ್ಲಿ ಆ ಆವೇಶ ಸಹಜವೇ. ರಾಫಿ 1888ರಲ್ಲಿ ಟಿಫ್ಲಿಸ್‌ನಲ್ಲಿ ನಿಧನರಾದರು.