ಪ್ರಶ್ನೋತ್ತರ: ನಿಂತುಹೋದ ಲಾನ್ ಟ್ರ್ಯಾಕ್ಟರನ್ನು ಮತ್ತೆ ಓಡಿಸುವುದು

ಪ್ರಶ್ನೆ: ನಾವು ನಡೆಸುವ ಚಿಕ್ಕ ಹೋಮ್‌ಸ್ಟೇಯ ಹುಲ್ಲುಹಾಸಿಗೆಂದು, ಬಾಗಿಲು ಮುಚ್ಚಿದ ರೆಸಾರ್ಟ್ ಒಂದರಿಂದ, ಮೇಲೆ ಕುಳಿತು ಓಡಿಸುವ ಹಳೆಯ ಲಾನ್ ಟ್ರ್ಯಾಕ್ಟರನ್ನು ಕೊಂಡಿದ್ದೇವೆ. ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್. ಕೆಲವು ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು. ಕೀ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ತಿರುಗಿ ತಡೆದು ನಿಲ್ಲುತ್ತದೆ. ಹೊಸ ಬ್ಯಾಟರಿ ಹಾಕಿ, ಸ್ಟಾರ್ಟರ್ ಮೋಟಾರಿನ ಬ್ರಷ್ ಬದಲಿಸಿದರೂ ಫಲವಾಗಲಿಲ್ಲ. ಈಗ ಹೊಸ ಸ್ಟಾರ್ಟರನ್ನೇ ತರಿಸಿರೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ತರಿಸಬೇಕೇ?
– ಓದುಗರೊಬ್ಬರು, ಮಡಗಾಂವ್, ಗೋವಾ

ಉತ್ತರ: ಈಗಲೇ ತರಿಸಬೇಡಿ. ನೀವು ವಿವರಿಸಿದ ಲಕ್ಷಣವು ಸ್ಟಾರ್ಟರಿಗಿಂತ ಹೆಚ್ಚಾಗಿ ವಾಲ್ವಿನ ಟ್ಯಾಪೆಟ್ ಸೆಟ್ಟಿಂಗನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತಿ ತೆರೆಯುವ ಭಾಗಕ್ಕೂ ನಡುವಿನ ಸಣ್ಣ ಅಂತರವನ್ನು, ಸೂಚಿಸುತ್ತದೆ. ಇಂತಹ ದೊಡ್ಡ ಏಕಸಿಲಿಂಡರ್ ಎಂಜಿನ್ನಿನ ಪೂರ್ಣ ಒತ್ತಡವನ್ನು ಎದುರಿಸಿ ತಿರುಗಿಸುವ ಬಲ ಆ ಚಿಕ್ಕ ಮೋಟಾರಿಗೆ ಇರುವುದಿಲ್ಲ. ಆದ್ದರಿಂದ, ಸ್ಟಾರ್ಟ್ ಮಾಡುವಾಗಿನ ನಿಧಾನ ವೇಗದಲ್ಲಿ ಒಂದು ವಾಲ್ವನ್ನು ತುಸುವೇ ಎತ್ತಿ ಒತ್ತಡವನ್ನು ಹೊರಬಿಡುವ ಪುಟ್ಟ ಏರ್ಪಾಟನ್ನು ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನಲ್ಲೇ ಮಾಡಿರುತ್ತಾರೆ. ಅದು ವಾಲ್ವನ್ನು ಎತ್ತುವುದು ಕೂದಲೆಳೆಯಷ್ಟು ಮಾತ್ರ. ಸವೆತದಿಂದ ಟ್ಯಾಪೆಟ್ ಅಂತರ ಅದಕ್ಕಿಂತ ಹೆಚ್ಚಾದರೆ ಆ ಎತ್ತರ ವಾಲ್ವಿನವರೆಗೆ ತಲುಪುವುದೇ ಇಲ್ಲ. ಒತ್ತಡ ಒಳಗೇ ಉಳಿದು, ಸ್ಟಾರ್ಟರ್ ಸೋತು ನಿಲ್ಲುತ್ತದೆ. ಬ್ಯಾಟರಿಯ ಮೇಲೆ ಬ್ಯಾಟರಿ ಬದಲಿಸಿ ಹಣ ಕಳೆದುಕೊಂಡವರು ಅನೇಕರಿದ್ದಾರೆ; ಬೇಕಿರುವುದು ಮಾತ್ರ ಒಂದು ಫೀಲರ್ ಗೇಜ್ (ಅಂತರ ಅಳೆಯುವ ತೆಳು ತಗಡಿನ ಪಟ್ಟಿಗಳು) ಮತ್ತು ಎರಡು ಸ್ಪ್ಯಾನರ್.

ಟ್ಯಾಪೆಟ್ ಮುಟ್ಟುವ ಮೊದಲು ಇನ್ನೆರಡು ಕಾರಣಗಳನ್ನು ಪರೀಕ್ಷಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ವೈರನ್ನು ದೂರ ಸರಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಚಿಮ್ಮಿದರೆ, ಕಾರ್ಬೊರೇಟರಿನ ಸೂಜಿ ಸೋರಿ ಸಿಲಿಂಡರ್ ತುಂಬಿಕೊಂಡಿದೆ ಎಂದರ್ಥ. ಆಗ ಎಂಜಿನ್ ಆಯಿಲಿನಲ್ಲೂ ಪೆಟ್ರೋಲ್ ಬೆರೆತಿರುವುದರಿಂದ, ಆಯಿಲ್ ಬದಲಿಸದೆ ಎಂಜಿನ್ ಓಡಿಸಲೇಬಾರದು. ಬಳಿಕ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದು, ಸಹಾಯಕರೊಬ್ಬರಿಂದ ಕೀ ತಿರುಗಿಸಿ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ತಂತಿಯ ಜೋಡಣೆ ತುಕ್ಕು ಹಿಡಿದಿದೆ. ಉಪ್ಪುಗಾಳಿಯ ಊರಿನಲ್ಲಿ ಇದು ತೀರ ಸಾಮಾನ್ಯ.

ಇವೆರಡೂ ಸರಿಯಿದ್ದರೆ ವಾಲ್ವ್ ಕವರ್ ತೆಗೆಯಿರಿ. ಪಿಸ್ಟನ್ ಒತ್ತಡದ ಸುತ್ತಿನಲ್ಲಿ ತುತ್ತತುದಿಗೆ ಬಂದ ನಂತರ, ಎಂಜಿನ್ ಓಡುವ ದಿಕ್ಕಿನಲ್ಲೇ ಇನ್ನಷ್ಟು ತಿರುಗಿಸಿ ಸುಮಾರು 6 ಮಿ.ಮೀ. ಕೆಳಗಿಳಿಸಿ, ಆಗಷ್ಟೇ ಆ ಏರ್ಪಾಟಿನ ಪ್ರಭಾವವಿಲ್ಲದೆ ನಿಜವಾದ ಅಂತರ ಸಿಗುತ್ತದೆ. ಈ ಮಾದರಿಯ ಅನೇಕ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವಿಗೆ 0.08ರಿಂದ 0.13 ಮಿ.ಮೀ., ಎಕ್ಸಾಸ್ಟಿಗೆ 0.13ರಿಂದ 0.18 ಮಿ.ಮೀ. ಇರಬೇಕು. ಆದರೂ ಎಂಜಿನ್ನಿನ ಮೇಲೆ ಒತ್ತಿರುವ ಮಾದರಿ ಸಂಖ್ಯೆಯನ್ನು ಹಿಡಿದು ಅದರ ಕೈಪಿಡಿಯ ಅಳತೆಯನ್ನೇ ಅನುಸರಿಸಿ. ಅಂತರವನ್ನು ಹೊಂದಿಸಿ ಲಾಕ್ ನಟ್ ಬಿಗಿಯುವಾಗ ಅದು ಬದಲಾಗುವುದರಿಂದ, ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಅಂತರ ವಿಪರೀತ ಹೆಚ್ಚಿದ್ದರೆ ಕ್ಯಾಮ್‌ಶಾಫ್ಟಿನ ಚಲನೆಯನ್ನು ವಾಲ್ವಿಗೆ ಮುಟ್ಟಿಸುವ ಪುಶ್ ರಾಡನ್ನು ಹೊರತೆಗೆದು ಗಾಜಿನ ಮೇಲೆ ಉರುಳಿಸಿ. ತೇವದಲ್ಲಿ ನಿಂತ ಎಂಜಿನ್ನಿನಲ್ಲಿ ವಾಲ್ವ್ ಅಂಟಿಕೊಂಡು ರಾಡ್ ಬಾಗಿರಬಹುದು. ಇಷ್ಟಾದರೂ ತಡೆದು ನಿಂತರೆ ಕ್ಯಾಮ್‌ಶಾಫ್ಟಿನಲ್ಲಿರುವ ಏರ್ಪಾಟೇ ಮುರಿದಿರಬಹುದು. ಅದಕ್ಕಾಗಿ ಎಂಜಿನ್ನನ್ನು ಪೂರ್ತಿ ಬಿಚ್ಚಬೇಕಾಗುತ್ತದೆ. ಆ ಕೆಲಸವನ್ನು ಅನುಭವಿಗಳಿಗೇ ಬಿಡುವುದು ಉತ್ತಮ.

ಎಂಜಿನ್ ಸಲೀಸಾಗಿ ತಿರುಗತೊಡಗಿದ ಮೇಲೆ ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಹೊರಹಾಕಿ. ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಇಂತಹ ಹಳೆಯ ಎಂಜಿನ್‌ಗಳ ಕೈಪಿಡಿಗಳು ಒಪ್ಪುವುದು ಸಾಮಾನ್ಯವಾಗಿ ಶೇ. 10ರಷ್ಟನ್ನು ಮಾತ್ರ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪು, ಫಿಲ್ಟರು, ಕಾರ್ಬೊರೇಟರಿನ ಗ್ಯಾಸ್ಕೆಟ್‌ಗಳನ್ನು ಒಟ್ಟಿಗೇ ಬದಲಿಸಿ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ, ತಂತಿ ಚುಚ್ಚಿ ತೂತನ್ನು ಹಿಗ್ಗಿಸಬೇಡಿ. ಎಂಜಿನ್ನಿನ ಮೇಲಿನ ತಗಡಿನ ಹೊದಿಕೆಯನ್ನೂ ಬಿಚ್ಚಿ ನೋಡಿ: ಶೆಡ್ಡಿನಲ್ಲಿ ನಿಂತ ಯಂತ್ರದ ಕೂಲಿಂಗ್ ರೆಕ್ಕೆಗಳ ನಡುವೆ ಇಲಿಯ ಗೂಡೋ ಕಣಜದ ಮಣ್ಣಿನ ಗೂಡೋ ಇದ್ದರೆ, ಚೆನ್ನಾಗಿ ಓಡತೊಡಗಿದ ಎಂಜಿನ್ ಅತಿಯಾಗಿ ಕಾದು ಕೆಟ್ಟುಹೋಗುತ್ತದೆ.

ಪ್ರಶ್ನೆ: ಕರ್ಜತ್‌ನ ನಮ್ಮ ತೋಟದ ಲಾನ್ ಟ್ರ್ಯಾಕ್ಟರ್ ಓಡುತ್ತಿರುವಾಗಲೇ ಆಗಾಗ ನಿಂತುಬಿಡುತ್ತದೆ. ಸೀಟಿನ ಕೆಳಗಿನ ಸ್ವಿಚ್ಚಿನ ವೈರುಗಳನ್ನು ನೇರವಾಗಿ ಜೋಡಿಸಬಹುದೇ?
– ಓದುಗರೊಬ್ಬರು, ಡೊಂಬಿವಲಿ, ಠಾಣೆ ಜಿಲ್ಲೆ

ಉತ್ತರ: ಖಂಡಿತ ಕೂಡದು. ಚಾಲಕರು ಜಾರಿ ಬಿದ್ದರೆ ಬ್ಲೇಡನ್ನು ನಿಲ್ಲಿಸುವುದು ಆ ಸ್ವಿಚ್ಚೇ. ತೋಟದಲ್ಲಿ ಮಕ್ಕಳು ಓಡಾಡುತ್ತಿದ್ದರಂತೂ ಈ ಯೋಚನೆಯನ್ನೇ ಬಿಟ್ಟುಬಿಡಿ. ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ತುಕ್ಕನ್ನು ಉಜ್ಜಿ ತೆಗೆಯಿರಿ. ಸೀಟನ್ನು ಒತ್ತಿದಾಗ ಮತ್ತು ಬಿಟ್ಟಾಗ ಸಂಪರ್ಕ ಬದಲಾಗುವುದೇ ಎಂದು ಮಲ್ಟಿಮೀಟರಿನಿಂದ ಪರೀಕ್ಷಿಸಿ. ಬ್ರೇಕ್ ಪೆಡಲಿನ ಮತ್ತು ಬ್ಲೇಡಿನ ಸ್ವಿಚ್ಚುಗಳನ್ನೂ ಹಾಗೆಯೇ ನೋಡಿ. ಕೆಟ್ಟಿರುವುದನ್ನು ಬದಲಿಸಿ.

ಪ್ರಶ್ನೆ: ಮುಳಶಿಯ ನಮ್ಮ ಜಾಗದಲ್ಲಿರುವ ಯಂತ್ರದ ಕತ್ತರಿಸುವ ಡೆಕ್ (ಬ್ಲೇಡನ್ನು ಮುಚ್ಚುವ ತಗಡಿನ ಚಿಪ್ಪು) ತುಕ್ಕು ಹಿಡಿದು ತೂತುಬಿದ್ದಿದೆ, ಬ್ಲೇಡ್ ತಿರುಗುವಾಗ ಗರಗರ ಸದ್ದೂ ಬರುತ್ತದೆ. ಬಿಡಿಭಾಗಗಳನ್ನು ವಿದೇಶದಿಂದಲೇ ತರಿಸಬೇಕೇ?
– ಓದುಗರೊಬ್ಬರು, ಕೋಥ್ರುಡ್, ಪುಣೆ

ಉತ್ತರ: ಹೆಚ್ಚಿನವು ಊರಿನಲ್ಲೇ ಸಿಗುತ್ತವೆ. ಸದ್ದು ಬ್ಲೇಡ್ ತಿರುಗುವ ಅಚ್ಚಾದ ಸ್ಪಿಂಡಲಿನ ಬೇರಿಂಗಿನದು. ಬಿಚ್ಚಿದರೆ ಅದರ ಅಂಚಿನಲ್ಲಿ ಸಂಖ್ಯೆ ಕೆತ್ತಿರುತ್ತದೆ. ಅದು ಅನೇಕ ವೇಳೆ 6203 ಅಥವಾ 6204 ಆಗಿರುತ್ತದೆ. ಇವು ಎಲ್ಲ ಕಡೆ ಒಂದೇ ಅಳತೆಯವಾದ್ದರಿಂದ ಪುಣೆಯ ಯಾವುದೇ ಬೇರಿಂಗ್ ಅಂಗಡಿಯಲ್ಲಾಗಲಿ, ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಾಗಲಿ ದೊರೆಯುತ್ತವೆ. ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಬೆಲ್ಟಿನ ವಿಷಯದಲ್ಲಿ ಮಾತ್ರ ಎಚ್ಚರ ವಹಿಸಿ. ಇಲ್ಲಿ ಬೆಲ್ಟನ್ನು ಬಿಗಿದು ಸಡಿಲಿಸಿಯೇ ಬ್ಲೇಡನ್ನು ಚಾಲೂ ಮಾಡಿ ನಿಲ್ಲಿಸುವುದರಿಂದ, ಅಳತೆ ಸರಿಹೊಂದಿದರೂ ಸಾಮಾನ್ಯ ಪಂಪಿನ ಬೆಲ್ಟ್ ಬೇಗ ಸವೆಯುತ್ತದೆ. ಕಂಪನಿಯದನ್ನೇ ತರಿಸುವುದು ಲಾಭಕರ.

ಡೆಕ್ಕಿನ ತೂತುಗಳು ಅಂಚಿನಲ್ಲಿದ್ದರೆ ಒಳ್ಳೆಯ ಲೋಹ ಕಾಣುವವರೆಗೆ ಕತ್ತರಿಸಿ, 2 ಅಥವಾ 3 ಮಿ.ಮೀ. ತಗಡನ್ನು ವೆಲ್ಡ್ ಮಾಡಿಸಬಹುದು. ಸ್ಪಿಂಡಲ್ ಕೂರುವ ಜಾಗದ ಸುತ್ತಲೇ ಲೋಹ ತೆಳುವಾಗಿದ್ದರೆ ತೇಪೆಯನ್ನು ನಂಬಬೇಡಿ, ಡೆಕ್ಕನ್ನೇ ಬದಲಿಸಿ. ಬ್ಲೇಡಿನ ಹೊಡೆತವೆಲ್ಲ ಬೀಳುವುದು ಅಲ್ಲಿಯೇ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ತುದಿಗಳನ್ನು ಬಿಚ್ಚಿಡಿ. ಬಣ್ಣ ಬಳಿಯುವುದು ಕೊನೆಯ ಕೆಲಸ. ತಂತಿ ಬ್ರಷ್ಷಿನಿಂದ ತುಕ್ಕನ್ನು ಕೆರೆದು, ಎಪಾಕ್ಸಿ ಪ್ರೈಮರ್ ಬಳಿದು, ಅದು ಪೂರ್ತಿ ಒಣಗಿದ ಬಳಿಕವೇ ಬಣ್ಣ ಹಚ್ಚಿ. ಹರಿತ ಮಾಡಿದ ಬ್ಲೇಡನ್ನು ನಡುತೂತಿನಲ್ಲಿ ಮೊಳೆಗೆ ತೂಗುಹಾಕಿ, ಎರಡೂ ಬದಿ ಸಮತೂಕವಾಗುವವರೆಗೆ ಭಾರವಿರುವ ಬದಿಯನ್ನು ಅರದಿಂದ ಉಜ್ಜಿ. ಇಲ್ಲದಿದ್ದರೆ ಹೊಸ ಬೇರಿಂಗೂ ಹೆಚ್ಚು ಕಾಲ ಬಾಳುವುದಿಲ್ಲ.