ಪ್ರಸಿದ್ಧ ಹೆಸರಿಗೆ ಎಷ್ಟು ರಕ್ಷಣೆ ಸಾಕು?

ಹುಮನಾಬಾದಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನಮ್ಮೂರ ಬೇಕರಿಯೊಂದಕ್ಕೆ ದೇವಿಯ ಹೆಸರಿದೆ. ಅದೇ ಹೆಸರಿನಲ್ಲಿ ದೊಡ್ಡ ಕಂಪನಿಯೊಂದು ಅಗರಬತ್ತಿ ಮಾರುತ್ತದೆ. ಈಗ ಬೇಕರಿಗೆ ದೆಹಲಿಯಿಂದ ವಕೀಲರ ನೋಟಿಸು ಬಂದಿದೆ. ಹೆಸರು ಎಷ್ಟು ಪ್ರಸಿದ್ಧವೋ ಜನ ಅಷ್ಟು ಮೋಸಹೋಗುತ್ತಾರೆ. ಕಾನೂನೂ ಅಷ್ಟೇ ಕಠಿಣವಾಗಿರಬೇಡವೇ?"

ಸಂಪಾದಕರ ಉತ್ತರ: ಮಾನ್ಯರೇ, ಗ್ರಾಹಕರ ಬಗ್ಗೆ ನಿಮಗಿರುವ ಕಾಳಜಿ ಮೆಚ್ಚತಕ್ಕದ್ದು. ಒಳಉಡುಪಿಗೆ ಕಾರಿನ ಹೆಸರಾದ ಬೆಂಜ್ ಎಂದು ಹೆಸರಿಟ್ಟು ಮಾರುತ್ತಿದ್ದವರನ್ನು ದೆಹಲಿ ಹೈಕೋರ್ಟ್ 1990ರ ದಶಕದಲ್ಲಿ ತಡೆದದ್ದು ಸರಿಯೇ. ಔಷಧಿಗಳ ಹೆಸರಿನಲ್ಲಿ ಗೊಂದಲವಾದರೆ ಜೀವಕ್ಕೇ ಕುತ್ತು ಎಂದು 2001ರ ಕ್ಯಾಡಿಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದ್ದೂ ಸರಿ. ಇಷ್ಟನ್ನು ಒಪ್ಪಿಕೊಂಡೂ ನಿಮ್ಮ ಪತ್ರದ ಮೂಲ ಗ್ರಹಿಕೆಯನ್ನು ನಾನು ಒಪ್ಪಲಾರೆ.

ಪ್ರಸಿದ್ಧಿ ಬೆಳೆದಂತೆ ಗೊಂದಲವೂ ಬೆಳೆಯುತ್ತದೆಂಬ ನಂಬಿಕೆ ನ್ಯಾಯಾಲಯಗಳಲ್ಲೂ ಬಲವಾಗಿದೆ. ಅಂಗಡಿಯಲ್ಲಿ ನಡೆಯುವುದು ಬೇರೆ. ದಿನನಿತ್ಯ ನೋಡುವ ಹೆಸರಿನ ಅಕ್ಷರ, ಬಣ್ಣ, ಚಿತ್ರ ಜನರ ಕಣ್ಣಿಗೆ ಕಟ್ಟಿರುತ್ತವೆ. ಒಂದಕ್ಷರ ಆಚೀಚೆಯಾದರೂ ತಟ್ಟನೆ ತಿಳಿಯುತ್ತದೆ. ಜನ ಎಡವುವುದು ಅರೆಬರೆ ನೆನಪಿರುವ ಸಣ್ಣ ಹೆಸರುಗಳಲ್ಲಿ. ಲೂಯಿ ವಿಟಾನ್ ಎಂಬ ದುಬಾರಿ ಕಂಪನಿಯ ಚೀಲವನ್ನು ಅಣಕಿಸಿ 'ಚ್ಯೂಯಿ ವಿಟಾನ್' ಎಂಬ ನಾಯಿಯ ಆಟಿಕೆ ಮಾಡಿದವರು 2007ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದದ್ದೂ ಇದರಿಂದಲೇ: ಮೂಲ ಹೆಸರು ಅಷ್ಟು ಪರಿಚಿತವಾಗಿದ್ದುದರಿಂದ ಅಣಕ ಅಣಕವಾಗಿಯೇ ಕಂಡಿತು.

ಅಮೆರಿಕವೇಕೆ, ಕಲಬುರಗಿಯನ್ನೇ ನೋಡಿ. ಇಲ್ಲಿ ಶರಣಬಸವೇಶ್ವರರ ಹೆಸರಿಗಿಂತ ಪ್ರಸಿದ್ಧವಾದ ಹೆಸರು ಯಾವುದಿದೆ? ಕಿರಾಣಿ ಅಂಗಡಿ, ಖಾನಾವಳಿ, ದಾಲ್ ಮಿಲ್, ಔಷಧಿ ಅಂಗಡಿ, ಎಲ್ಲಕ್ಕೂ ಶರಣರ ಹೆಸರೇ. ನೆಹರು ಗಂಜಿನಲ್ಲಿ ತೊಗರಿ ಚೀಲ ಇಳಿಸುವ ಹಮಾಲರು ಬೋರ್ಡು ನೋಡುವುದಿಲ್ಲ. ಮಾಲೀಕರ ಮನೆತನದ ಹೆಸರನ್ನೋ ಶಟರಿನ ಬಣ್ಣವನ್ನೋ ಹೇಳಿ ಲಾರಿ ತಿರುಗಿಸುತ್ತಾರೆ. ಮಾತ್ರೆ ಬೇಕೆಂದು ದಾಲ್ ಮಿಲ್ಲಿಗೆ ಹೋದವರನ್ನು ನಾನಂತೂ ಕಂಡಿಲ್ಲ.

ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆಯಿದೆ. ಹಾಲು ಮಹಾಮಂಡಳ 1985ರಿಂದ 'ನಂದಿನಿ' ಹೆಸರನ್ನು ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲ್ 1989ರಿಂದ. ಹೋಟೆಲಿನವರು ಆ ಹೆಸರಿಗೆ ಟ್ರೇಡ್ ಮಾರ್ಕ್ (ವ್ಯಾಪಾರ ಗುರುತು) ನೋಂದಣಿ ಕೇಳಿದಾಗ ಮಹಾಮಂಡಳ ವಿರೋಧಿಸಿತು, ಹೈಕೋರ್ಟಿನಲ್ಲಿ ಗೆದ್ದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುವಿಹಾಕಿತು. ನಂದಿನಿ ಎಂಬುದು ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ಪುರಾಣದ ಹಸುವಿನ ಹೆಸರು. ಒಂದರ ಗುರುತು ಹಸು, ಇನ್ನೊಂದರದು ದೀಪ. ಸಾಮಾನ್ಯ ಗ್ರಾಹಕ ಗೊಂದಲಕ್ಕೊಳಗಾಗಲಾರ ಎಂದಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನವರು ಬಿಟ್ಟುಕೊಡಬೇಕಾಯಿತು. ನಿಮ್ಮೂರ ಬೇಕರಿಗೆ ಇದಕ್ಕಿಂತ ಹತ್ತಿರದ ತೀರ್ಪು ಬೇಕೆ?

1999ರ ಟ್ರೇಡ್ ಮಾರ್ಕ್ ಕಾಯ್ದೆಯ 29(4)ನೇ ಕಲಂ ಪ್ರಕಾರ, ಸರಕು ಬೇರೆಯಾಗಿದ್ದರೂ, ಗೊಂದಲವೇ ಆಗದಿದ್ದರೂ ಪ್ರಸಿದ್ಧ ವ್ಯಾಪಾರ ಗುರುತಿನ ಒಡೆಯರು ದಾವೆ ಹೂಡಬಹುದು, ನಿಜ. ಆದರೆ ಆ ಗುರುತಿಗೆ ಭಾರತದಲ್ಲಿ ಖ್ಯಾತಿಯಿರಬೇಕು. ಎದುರಾಳಿ ಸಕಾರಣವಿಲ್ಲದೆ ಅದರ ಅನುಚಿತ ಲಾಭ ಪಡೆದಿರಬೇಕು ಅಥವಾ ಅದಕ್ಕೆ ಹಾನಿ ಮಾಡಿರಬೇಕು. ಟೊಯೊಟಾದಂಥ ಕಂಪನಿಯೇ ತನ್ನ 'ಪ್ರಿಯಸ್' ಕಾರಿನ ಹೆಸರಿಗೆ 2001ರ ವೇಳೆಗೆ ಇಲ್ಲಿ ಖ್ಯಾತಿಯಿತ್ತೆಂದು ತೋರಿಸಲಾಗದೆ 2017ರಲ್ಲಿ ಸೋತಿತು. ದೇವಿಯ ಹೆಸರಿಟ್ಟು ಬ್ರೆಡ್ಡು, ಖಾರಿ ಮಾರುವವರು ಅಗರಬತ್ತಿಯ ಖ್ಯಾತಿಯಿಂದ ಪಡೆದ ಲಾಭವೇನು?

ನನ್ನ ನಿಜವಾದ ಸಿಟ್ಟು ಬೇರೆ ಕಡೆಗಿದೆ. 2017ರ ನಿಯಮಗಳಡಿ 1 ಲಕ್ಷ ರೂಪಾಯಿ ಶುಲ್ಕ ಕಟ್ಟಿ 'ಸುಪ್ರಸಿದ್ಧ ಗುರುತು' ಎಂಬ ಪಟ್ಟಿ ಸೇರಲು ಅರ್ಜಿ ಹಾಕಬಹುದು. ಸಣ್ಣ ವ್ಯಾಪಾರಿಗೆ ಅಂಥ ಹಣವೂ ಇಲ್ಲ, ದಾಖಲೆಯೂ ಇಲ್ಲ. ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಟ್ರೇಡ್ ಮಾರ್ಕ್ ನೋಂದಣಿ ಕಚೇರಿ ಇರುವುದು ಚೆನ್ನೈಯಲ್ಲಿ. 134ನೇ ಕಲಂ ಪ್ರಕಾರ ಕಂಪನಿ ತನ್ನ ಊರಿನಲ್ಲೇ ದಾವೆ ಹೂಡಬಹುದು. ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲಿ ಕಂಪನಿಯ ಕಚೇರಿಯಿದ್ದರೆ ಅಲ್ಲಿಯೇ ಹೂಡಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ, ಬೀದರ ಜಿಲ್ಲೆಯಲ್ಲಿ ಶಾಖೆಯೇ ಇಲ್ಲದ ಕಂಪನಿಗೆ ದೆಹಲಿಯ ದಾರಿ ತೆರೆದೇ ಇರುತ್ತದೆ. ಇಂಗ್ಲಿಷಿನ ಆ ನಾಲ್ಕು ಹಾಳೆ ನೋಡಿ ಹೆದರಿದವರು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಬೋರ್ಡಿಗೆ ಸುಣ್ಣ ಬಳಿಯುತ್ತಾರೆ. ಇಂಥ ನೋಟಿಸುಗಳಿಗೆ ನಿಮ್ಮಂಥ ಓದಿದವರೂ ತಲೆದೂಗುವುದು ನನಗೆ ಬೇಸರ ತರಿಸಿತು.

ಬೇಕರಿಯವರು ನಿಮಗೆ ಪರಿಚಿತರಿದ್ದರೆ, ಬೋರ್ಡು ಇಳಿಸುವ ಮೊದಲು ನೋಟಿಸನ್ನು ಬೀದರಿನಲ್ಲೋ ಕಲಬುರಗಿಯಲ್ಲೋ ವಕೀಲರಿಗೆ ತೋರಿಸಲು ಹೇಳಿ. ಹಿಂದಿನ ಬಿಲ್ ಪುಸ್ತಕ, ಪುರಸಭೆಯ ಲೈಸೆನ್ಸ್ ಎಲ್ಲವನ್ನೂ ಹುಡುಕಿಡಲಿ. ಕಂಪನಿಯ ಬಳಕೆಗೂ ನೋಂದಣಿಗೂ ಮುಂಚಿನಿಂದ ಆ ಹೆಸರು ಅವರಲ್ಲಿ ನಡೆದುಬಂದಿದ್ದರೆ 34ನೇ ಕಲಂ ಅವರ ಕೈಹಿಡಿಯುತ್ತದೆ.